ಸ್ಟೆತೊಸ್ಕೋಪ್‌ನ ಜನಕ ಡಾ. ರೆನೆ ಲೆನೆಕ್‌ (1781–1826)

ಸರ್ಕಾರಿ ಆಸ್ಪತ್ರೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾಗೂ ತುರ್ತು ಚಿಕಿತ್ಸಾ ವಾಹನಗಳಲ್ಲಿ ಸಾರ್ವಜನಿಕರು ಪ್ರತಿನಿತ್ಯ ಕಾಣುವ ಉಪಕರಣಗಳಲ್ಲಿ ಸ್ಟೆತೊಸ್ಕೋಪ್‌ ಮುಖ್ಯವಾದುದು. ಇದನ್ನು ರೂಪಿಸಿದವರು ಫ್ರಾನ್ಸ್‌ ದೇಶದ ವೈದ್ಯರಾದ ರೆನೆ ಥಿಯೊಫಿಲ್‌ ಹಯಸಿಂತ್‌ ಲೆನೆಕ್‌ರವರು. ಎದೆಯೊಳಗಿನ ರೋಗವನ್ನು ರೋಗಿಯು ಬದುಕಿರುವಾಗಲೇ ಗುರುತಿಸುವ ಮಾರ್ಗವನ್ನು ತೋರಿದ ಇವರು ತಮ್ಮ 45ನೇ ವಯಸ್ಸಿನಲ್ಲಿ ಎದೆಯ ರೋಗದಿಂದಲೇ ನಿಧನರಾದರು.

ಲೆನೆಕ್‌ರವರು 1781ರ ಫೆಬ್ರವರಿ 17ರಂದು ಫ್ರಾನ್ಸಿನ ಪಶ್ಚಿಮ ಕರಾವಳಿ ಪ್ರಾಂತ್ಯವಾದ ಬ್ರಿಟನಿಯ ಕ್ಯಾಂಪೆರ್‌ ಪಟ್ಟಣದಲ್ಲಿ ಜನಿಸಿದರು. ತಂದೆ ವಕೀಲರು, ಹಣಕಾಸಿನ ವಿಷಯದಲ್ಲಿ ಅಷ್ಟೇನೂ ಶಿಸ್ತಿನವರಲ್ಲ. ಬಾಲಕನು ಇನ್ನೂ ಚಿಕ್ಕವನಿರುವಾಗಲೇ ತಾಯಿ ತೀರಿಕೊಂಡರು. ಅವರ ಸಾವಿಗೆ ಕ್ಷಯರೋಗವೇ ಕಾರಣವೆಂದು ಹೇಳಲಾಗುತ್ತದೆ. ತಾಯಿಯಿಲ್ಲದ ಮಗುವನ್ನು ಬಂಧುಗಳ ಆಶ್ರಯಕ್ಕೆ ಕಳುಹಿಸಲಾಯಿತು. 1788ರಲ್ಲಿ ನಾಂಟ್‌ ನಗರದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪ ಗಿಯೋಮ್‌ ಲೆನೆಕ್‌ರವರ ಮನೆಯನ್ನು ಸೇರಿದ ಬಾಲಕನಿಗೆ ನಿಜವಾದ ಪೋಷಕರು ದೊರೆತಂತಾಯಿತು. ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಚಿಕ್ಕಪ್ಪನವರ ಮನೆಯಿದ್ದ ಚೌಕದಲ್ಲಿಯೇ ಗಿಲೊಟಿನ್‌ ಯಂತ್ರವನ್ನು ನಿಲ್ಲಿಸಲಾಗಿದ್ದು, ಸಾವಿನ ದೃಶ್ಯಗಳ ನಡುವೆಯೇ ಆತನು ಬೆಳೆಯಬೇಕಾಯಿತು. ಹದಿನಾಲ್ಕನೇ ವಯಸ್ಸಿಗಾಗಲೇ ನಾಂಟ್‌ನ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಯಲ್ಲಿ ನೆರವಾಗುತ್ತಿದ್ದನು.

1801ರಲ್ಲಿ ಪ್ಯಾರಿಸ್‌ಗೆ ತೆರಳಿದ ಲೆನೆಕ್‌ರವರು ಶಾರಿಟೆ ಆಸ್ಪತ್ರೆಯಲ್ಲಿ ಕೊರ್ವಿಸಾರ್‌ ಎಂಬ ಪ್ರಸಿದ್ಧ ವೈದ್ಯರ ಶಿಷ್ಯರಾದರು. ನೆಪೋಲಿಯನ್‌ನ ವೈದ್ಯರೂ ಆಗಿದ್ದ ಕೊರ್ವಿಸಾರ್‌ರವರು, ಎದೆಯ ಮೇಲೆ ಬೆರಳಿನಿಂದ ತಟ್ಟಿ ಹೊರಡುವ ನಾದದಿಂದ ಒಳಗಿನ ಸ್ಥಿತಿಯನ್ನು ತಿಳಿಯುವ ವಿಧಾನಕ್ಕೆ ಮರುಜೀವ ನೀಡಿದವರು. ಈ ವಿಧಾನವನ್ನು ವಿಯೆನ್ನಾದ ಆಯೆನ್‌ಬ್ರುಗರ್‌ರವರು 1761ರಲ್ಲಿಯೇ ಪ್ರಕಟಿಸಿದ್ದರೂ ಹೆಚ್ಚಿನವರು ಅದನ್ನು ಗಮನಿಸಿರಲಿಲ್ಲ. 1803ರಲ್ಲಿ ಲೆನೆಕ್‌ರವರು ವೈದ್ಯಶಾಸ್ತ್ರ ಹಾಗೂ ಶಸ್ತ್ರಚಿಕಿತ್ಸೆ ಎರಡರಲ್ಲಿಯೂ ಪ್ರಥಮ ಬಹುಮಾನ ಪಡೆದು, 1804ರಲ್ಲಿ ವೈದ್ಯ ಪದವೀಧರರಾದರು.

ಆದರೆ ತಕ್ಕ ಹುದ್ದೆಯು ಅವರಿಗೆ ಬೇಗನೆ ದೊರೆಯಲಿಲ್ಲ. ಹನ್ನೆರಡು ವರ್ಷಗಳ ಕಾಲ ಖಾಸಗಿ ವೃತ್ತಿ, ಶವಪರೀಕ್ಷೆಯ ಅಧ್ಯಯನ ಮತ್ತು ಬರವಣಿಗೆಯಲ್ಲಿ ಕಳೆದರು. ಈ ಅವಧಿಯ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1814ರ ಯುದ್ಧದಲ್ಲಿ ಗಾಯಗೊಂಡ ಮತ್ತು ಜ್ವರಪೀಡಿತರಾದ ಬ್ರಿಟನಿಯ ಸೈನಿಕರು ಪ್ಯಾರಿಸ್‌ನ ಆಸ್ಪತ್ರೆಗಳಲ್ಲಿ ದಾಖಲಾಗಿದ್ದರು. ಹಳ್ಳಿಗಾಡಿನ ಈ ಯುವಕರಲ್ಲಿ ಅನೇಕರಿಗೆ ಫ್ರೆಂಚ್‌ ಭಾಷೆ ಬಾರದು. ತಮ್ಮ ನೋವನ್ನು ಹೇಳಿಕೊಳ್ಳಲಾಗದೆ ಪರಿತಪಿಸುತ್ತಿದ್ದ ಅವರನ್ನು ಒಂದೆಡೆ ಸೇರಿಸಿ ಲೆನೆಕ್‌ರವರು ಆರೈಕೆ ಮಾಡಿದರು. ಬ್ರೆಟನ್‌ ಭಾಷೆಯನ್ನು ಅವರು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದು ಇಲ್ಲಿ ಪ್ರಯೋಜನಕ್ಕೆ ಬಂದಿತು. ರೋಗಿಯ ಮಾತನ್ನು ಅವನ ಭಾಷೆಯಲ್ಲಿಯೇ ಆಲಿಸಿದ ಈ ವೈದ್ಯರು ಎರಡೇ ವರ್ಷಗಳಲ್ಲಿ, ಮಾತಿಗೆ ಸಿಲುಕದ ಧ್ವನಿಗಳನ್ನೂ ಆಲಿಸಲು ತೊಡಗಿದರು.

1816ರಲ್ಲಿ ಅವರು ಪ್ಯಾರಿಸ್‌ನ ನೆಕರ್‌ ಆಸ್ಪತ್ರೆಯ ವೈದ್ಯರಾಗಿ ನೇಮಕಗೊಂಡರು. ಅದೇ ವರ್ಷ, ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳು ಪರೀಕ್ಷೆಗೆ ಬಂದಳು. ಆಕೆಯ ದೇಹವು ಸ್ಥೂಲವಾಗಿದ್ದುದರಿಂದ ಬೆರಳಿನಿಂದ ತಟ್ಟಿ ನೋಡುವ ವಿಧಾನವು ಫಲ ನೀಡಲಿಲ್ಲ. ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವುದು ಆಕೆಯ ವಯಸ್ಸು ಮತ್ತು ಸ್ತ್ರೀತ್ವದ ದೃಷ್ಟಿಯಿಂದ ಸಮಂಜಸವಾಗಿರಲಿಲ್ಲ. ಮರದ ತೊಲೆಯ ಒಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ಕೇಳಿಸುವುದೆಂಬ ಸಂಗತಿಯು ಆಗ ಅವರ ನೆನಪಿಗೆ ಬಂದಿತು. ಕೂಡಲೇ ಕಾಗದದ ಹಾಳೆಗಳ ಕಟ್ಟೊಂದನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಇಟ್ಟರು. ನೇರವಾಗಿ ಕಿವಿಯಿಟ್ಟಾಗ ಕೇಳಿಸುವುದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಬಡಿತವು ಕೇಳಿಸಿತು. ಮಕ್ಕಳು ತೊಲೆಯೊಂದರೊಡನೆ ಆಡುತ್ತಿದ್ದುದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತೆಂಬ ಕಥೆಯು ಬಹಳ ಪ್ರಚಲಿತವಾಗಿದ್ದರೂ, ಅವರು ತಮ್ಮ ಗ್ರಂಥದಲ್ಲಿ ನೀಡಿರುವ ವಿವರಣೆಯಲ್ಲಿ ಮಕ್ಕಳ ಪ್ರಸ್ತಾಪವಿರುವುದಿಲ್ಲ.

ಮುಂದಿನ ಹೆಜ್ಜೆಯೆಂದರೆ ಉಪಕರಣಕ್ಕೆ ತಕ್ಕ ವಸ್ತುವಿನ ಆಯ್ಕೆ. ಲೋಹ, ಗಾಜು, ಬೆತ್ತ, ಬಗೆಬಗೆಯ ಮರ, ಗಾಳಿ ತುಂಬಿದ ತೆಳುಪೊರೆಯ ಕೊಳವೆ ಎಲ್ಲವನ್ನೂ ಪರೀಕ್ಷಿಸಿದರು. ಗಾಜು ಮತ್ತು ಲೋಹಗಳು ಭಾರವಾದವು. ಚಳಿಗಾಲದಲ್ಲಿ ರೋಗಿಯ ಮೈಗೆ ತಣ್ಣಗೆ ತಾಗುವಂಥವು. ಧ್ವನಿಯನ್ನು ಸಾಗಿಸುವುದರಲ್ಲಿಯೂ ಹಗುರವಾದ ಮರಕ್ಕೆ ಸಮನಾಗಲಿಲ್ಲ. ಕೊನೆಗೆ ಸುಮಾರು ಒಂದು ಅಡಿ ಉದ್ದದ, ನಡುವೆ ಸಣ್ಣ ರಂಧ್ರವಿದ್ದ ಮರದ ನಳಿಗೆಯನ್ನು ಆಯ್ದುಕೊಂಡು, ತಾವೇ ಲೇಥ್‌ ಯಂತ್ರದಲ್ಲಿ ಕಡೆದು ಸಿದ್ಧಪಡಿಸುತ್ತಿದ್ದರು. ಒಯ್ಯಲು ಅನುಕೂಲವಾಗುವಂತೆ ಅದನ್ನು ಎರಡು ತುಂಡುಗಳಾಗಿ ಬಿಚ್ಚಬಹುದಿತ್ತು. ತುದಿಗೆ ಒಂದು ಬಿರಡೆಯಿದ್ದು, ಹೃದಯದ ಬಡಿತವನ್ನು ಕೇಳುವಾಗ ಹಾಕಿಕೊಂಡು, ಉಸಿರಾಟವನ್ನು ಕೇಳುವಾಗ ತೆಗೆಯುತ್ತಿದ್ದರು. ಇಂದಿನ ಉಪಕರಣದ ಎದೆಬಿಲ್ಲೆಗೆ ಎರಡು ಮುಖಗಳಿರುವುದೂ ಇಂತಹುದೇ ಉದ್ದೇಶದಿಂದ: ಚಪ್ಪಟೆ ಪೊರೆಯ ಮುಖವು ಉಸಿರಾಟದಂತಹ ಏರುಸ್ವರದ ಶಬ್ದಗಳಿಗೆ, ಬಟ್ಟಲಿನಾಕಾರದ ಮುಖವು ತಗ್ಗುಸ್ವರದ ಶಬ್ದಗಳಿಗೆ ಅನುಕೂಲ.

ಆಂಬುಲೆನ್ಸ್‌ ಸಿಬ್ಬಂದಿಗೆ ಈ ಆಯ್ಕೆಯು ಇನ್ನೂ ಕಷ್ಟದ್ದು. ಚಲಿಸುವ ವಾಹನದ ಸದ್ದಿನಲ್ಲಿ ಕೇಳಬೇಕಾದುದರಿಂದ ದಪ್ಪ ಗೋಡೆಯ ಕೊಳವೆಯೂ ಕಿವಿಗೆ ಬಿಗಿಯಾಗಿ ಕೂರುವ ಮೃದುವಾದ ತುದಿಗಳೂ ಅಗತ್ಯ. ತುದಿಗಳು ಮುಂದಕ್ಕೆ, ಅಂದರೆ ಧರಿಸಿದವರ ಮೂಗಿನ ಕಡೆಗೆ ಬಾಗಿರುವಂತೆ ಧರಿಸತಕ್ಕದ್ದು. ಕೊಳವೆಯು ಬಿಸಿಲಿಗೂ ಚರ್ಮದ ಎಣ್ಣೆಗೂ ಕಾಲಕ್ರಮೇಣ ಗಡಸಾಗಿ ಬಿರುಕು ಬಿಡುವುದರಿಂದ ಉಪಕರಣವನ್ನು ವಾಹನದ ಮುಂಗಾಜಿನ ಬಳಿ ಬಿಡಬಾರದು. ಪ್ರತಿ ರೋಗಿಯ ನಂತರ ಎದೆಬಿಲ್ಲೆಯನ್ನು ಸ್ಪಿರಿಟ್‌ ಹತ್ತಿಯಿಂದ ಒರೆಸತಕ್ಕದ್ದು, ನೀರಿನಲ್ಲಿ ಮುಳುಗಿಸಬಾರದು. ಪರೀಕ್ಷೆಯ ವೇಳೆ ಮೇಲುಡುಪನ್ನು ಸರಿಸುವಂತೆ ಕೇಳಿದಲ್ಲಿ ಸಾರ್ವಜನಿಕರು ಸಹಕರಿಸಬೇಕಾದುದೂ ಇದೇ ಕಾರಣಕ್ಕೆ. ಬಟ್ಟೆಯ ಉಜ್ಜುವಿಕೆಯು ಶ್ವಾಸಕೋಶದ ಶಬ್ದದಂತೆಯೇ ಕೇಳಿಸಿ ತಪ್ಪು ನಿರ್ಣಯಕ್ಕೆ ಎಡೆಮಾಡಿಕೊಡಬಹುದು.

ನಳಿಗೆ ಸಿದ್ಧವಾದುದಕ್ಕಿಂತ ಅದರಲ್ಲಿ ಕೇಳಿದ ಶಬ್ದಗಳಿಗೆ ಅರ್ಥವನ್ನು ಕಂಡುಕೊಂಡುದೇ ಲೆನೆಕ್‌ರವರ ದೊಡ್ಡ ಸಾಧನೆ. ನೆಕರ್‌ ಆಸ್ಪತ್ರೆಯಲ್ಲಿ ಪ್ರತಿ ರೋಗಿಯ ಎದೆಯನ್ನು ಆಲಿಸಿ ಬರೆದಿಡುವುದು, ರೋಗಿಯು ಮೃತಪಟ್ಟಲ್ಲಿ ಶವಪರೀಕ್ಷೆ ನಡೆಸಿ, ಕೇಳಿದ ಶಬ್ದಕ್ಕೂ ಕಂಡ ವಿಕಾರಕ್ಕೂ ತಾಳೆ ನೋಡುವುದು, ಹೀಗೆ ಸುಮಾರು ಮೂರು ವರ್ಷ ನಡೆಯಿತು. 1818ರಲ್ಲಿ ವಿಜ್ಞಾನ ಅಕಾಡೆಮಿಯ ಮುಂದೆ ಪ್ರಬಂಧ ಮಂಡಿಸಿ, 1819ರಲ್ಲಿ ಎರಡು ಸಂಪುಟಗಳ, ಒಂಬೈನೂರಕ್ಕೂ ಹೆಚ್ಚು ಪುಟಗಳ ಗ್ರಂಥವನ್ನು ಪ್ರಕಟಿಸಿದರು. ಶ್ವಾಸಕೋಶದ ಉರಿಯೂತ, ಎದೆಗೂಡಿನಲ್ಲಿ ನೀರು ತುಂಬುವಿಕೆ, ಕ್ಷಯದ ಕುಳಿ ಇವುಗಳನ್ನು ಶಬ್ದದಿಂದಲೇ ಬೇರ್ಪಡಿಸಿ ತಿಳಿಯಲು ಇದರಿಂದ ಸಾಧ್ಯವಾಯಿತು. ಗ್ರೀಕ್‌ ಭಾಷೆಯಲ್ಲಿ ಎದೆ ಮತ್ತು ನೋಡು ಎಂಬ ಅರ್ಥದ ಪದಗಳಿಂದ ಸ್ಟೆತೊಸ್ಕೋಪ್‌ ಎಂಬ ಹೆಸರನ್ನು ಕೊಟ್ಟವರೂ ಇವರೇ. ರೂಢಿಯಲ್ಲಿ ಮಾತ್ರ ನಳಿಗೆ ಎಂದಷ್ಟೇ ಕರೆಯುತ್ತಿದ್ದರು.

ಅವರ ನಿರ್ಣಯಗಳೆಲ್ಲವೂ ಸರಿಯಾಗಿದ್ದವೆಂದಲ್ಲ. ಹೃದಯದ ಎರಡನೇ ಶಬ್ದವು ಮೇಲಿನ ಕೋಣೆಗಳ ಸಂಕೋಚನದಿಂದ ಬರುವುದೆಂದು ಅವರು ಭಾವಿಸಿದ್ದರು. ಅದು ಕವಾಟಗಳು ಮುಚ್ಚುವ ಶಬ್ದವೆಂಬುದು ನಂತರ ತಿಳಿಯಿತು. ಕ್ಷಯವು ಸೋಂಕಿನಿಂದ ಹರಡುವುದೆಂಬುದನ್ನೂ ಅವರು ಅಷ್ಟಾಗಿ ನಂಬಿರಲಿಲ್ಲ. ರೋಗಾಣುವನ್ನು ರಾಬರ್ಟ್‌ ಕಾಕ್‌ರವರು ಪ್ರಕಟಪಡಿಸಿದ್ದು 1882ರಲ್ಲಿ. ಈ ಮಧ್ಯೆ ಲೆನೆಕ್‌ರವರು ವರ್ಷಗಟ್ಟಲೆ ಕ್ಷಯರೋಗಿಗಳ ಸಮೀಪದಲ್ಲಿಯೂ ಶವಪರೀಕ್ಷೆಯ ಕೊಠಡಿಯಲ್ಲಿಯೂ ಯಾವ ರಕ್ಷಣೆಯೂ ಇಲ್ಲದೆ ಕೆಲಸ ಮಾಡಿದ್ದರು. ಅವರ ಸಹೋದರ ಹಾಗೂ ಆಪ್ತಮಿತ್ರ ಡಾ. ಬೇಲ್‌ ಇಬ್ಬರೂ ಇದೇ ರೋಗಕ್ಕೆ ಬಲಿಯಾಗಿದ್ದರು.

ಗ್ರಂಥ ಪ್ರಕಟವಾದೊಡನೆಯೇ ಆರೋಗ್ಯ ಕುಸಿದು, ಅವರು ಬ್ರಿಟನಿಯ ತಮ್ಮ ಜಮೀನು ಕೆರ್ಲುವಾರ್ನೆಕ್‌ಗೆ ಹಿಂದಿರುಗಿದರು. 1821ರಲ್ಲಿ ಮತ್ತೆ ಪ್ಯಾರಿಸ್‌ಗೆ ಬಂದು 1822ರಲ್ಲಿ ಪ್ರಾಧ್ಯಾಪಕರಾದರು. ದೂರದೇಶಗಳಿಂದ ವಿದ್ಯಾರ್ಥಿಗಳು ಅವರನ್ನು ಅರಸಿ ಬಂದರು. 1824ರ ಕೊನೆಯಲ್ಲಿ ವಿವಾಹವಾದರು. ಅದಕ್ಕೂ ಮೊದಲೇ ಅವರ ಗೆಳೆಯರಾದ ಕೆರ್ಗರಾಡೆಕ್‌ರವರು ಇದೇ ನಳಿಗೆಯಿಂದ ಗರ್ಭಸ್ಥ ಶಿಶುವಿನ ಹೃದಯ ಬಡಿತವನ್ನು ಆಲಿಸಿ ವರದಿ ಮಾಡಿದರು. ಗರ್ಭಿಣಿಯರ ತಪಾಸಣೆಯಲ್ಲಿ ಬಳಸುವ ತುತ್ತೂರಿಯಾಕಾರದ ಫೀಟೋಸ್ಕೋಪ್‌ ಆ ನಳಿಗೆಯ ನೇರ ಸಂತತಿ. ಎರಡೂ ಕಿವಿಗಳಿಂದ ಕೇಳುವ ಉಪಕರಣ ಬಳಕೆಗೆ ಬಂದದ್ದು 1850ರ ದಶಕದಲ್ಲಿ.

1826ರಲ್ಲಿ ಗ್ರಂಥದ ಪರಿಷ್ಕೃತ ಆವೃತ್ತಿಯನ್ನು ಮುಗಿಸುವ ವೇಳೆಗೆ ಕೆಮ್ಮು, ಜ್ವರ ಮತ್ತು ಉಬ್ಬಸ ಅವರನ್ನು ಕೃಶಗೊಳಿಸಿದ್ದವು. ವೈದ್ಯನಾಗಿದ್ದ ಬಂಧು ಮೆರಿಯಾಡೆಕ್‌ ಅವರ ಎದೆಯನ್ನು ನಳಿಗೆಯಿಂದ ಪರೀಕ್ಷಿಸಿದನು. ಕೇಳಿಬಂದ ಶಬ್ದಗಳು ಕ್ಷಯದವೇ ಆಗಿದ್ದವು. ಅವುಗಳ ಅರ್ಥವನ್ನು ಜಗತ್ತಿಗೆ ತಿಳಿಸಿದವರು ಸ್ವತಃ ಲೆನೆಕ್‌ರವರೇ. ಮೇ ತಿಂಗಳ ಕೊನೆಯಲ್ಲಿ ಪ್ಯಾರಿಸ್‌ ತೊರೆದು, ಆಗಸ್ಟ್‌ 13ರಂದು ಕೆರ್ಲುವಾರ್ನೆಕ್‌ನಲ್ಲಿ ನಿಧನರಾದರು. ತಮ್ಮ ವೈದ್ಯಕೀಯ ಬರಹಗಳು, ಗಡಿಯಾರ ಹಾಗೂ ಉಂಗುರದ ಜೊತೆಗೆ ಮರದ ಸ್ಟೆತೊಸ್ಕೋಪನ್ನೂ ಅವರು ಮೆರಿಯಾಡೆಕ್‌ನ ಹೆಸರಿಗೆ ಉಯಿಲು ಬರೆದಿದ್ದರು.