ಹುಚ್ಚು ದೊರೆಯ ಅರಮನೆಗಳ ಹಾದಿಯಲ್ಲಿ

ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿರುವ ಮಗಳು ನನಗಾಗಿ ಮೂರು ದಿನ ರಜೆ ಹಾಕಿದ್ದಾಳೆ. ಬಾಡಿಗೆಗೆ ಕಾರೊಂದನ್ನು ಪಡೆದು ಬವೇರಿಯಾದ ಅರಮನೆಗಳನ್ನೂ ಆಲ್ಪ್ಸ್ ಪರ್ವತದ ತಪ್ಪಲಿನ ಹಳ್ಳಿಗಳನ್ನೂ ತೋರಿಸಬೇಕೆಂಬುದು ಅವಳ ಇಚ್ಛೆ. ನಕಾಶೆಯನ್ನು ಮುಂದಿಟ್ಟುಕೊಂಡು ದಾರಿ ಗುರುತಿಸಲು ಕುಳಿತಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ನಾವು ಆರಿಸಿಕೊಂಡ ಸ್ಥಳಗಳಲ್ಲಿ ಹೆಚ್ಚಿನವು ಒಬ್ಬನೇ ಮನುಷ್ಯನ ಬದುಕಿಗೆ ಸೇರಿದವು. ಆತ ಬವೇರಿಯಾದ ದೊರೆ ಎರಡನೆಯ ಲುಡ್ವಿಗ್. ಜಗತ್ತು ಅವನನ್ನು ಹುಚ್ಚು ದೊರೆ ಎಂದೇ ನೆನಪಿಟ್ಟುಕೊಂಡಿದೆ. ಈ ಹೆಸರು ಅವನಿಗೆ ಸಲ್ಲತಕ್ಕದ್ದೇ ಎಂಬ ಪ್ರಶ್ನೆ ಪ್ರವಾಸದ ಸಿದ್ಧತೆಯ ಉದ್ದಕ್ಕೂ ನನ್ನನ್ನು ಕಾಡಿದೆ.

ಲುಡ್ವಿಗ್ ಹುಟ್ಟಿದ್ದು 1845ರ ಆಗಸ್ಟ್ 25ರಂದು, ಮ್ಯೂನಿಕ್‌ನ ನಿಂಫೆನ್‌ಬರ್ಗ್ ಅರಮನೆಯಲ್ಲಿ. ಬಾಲ್ಯದ ಬಹುಭಾಗವನ್ನು ಆತ ಕಳೆದದ್ದು ಪರ್ವತಗಳ ಮಡಿಲಿನ ಹೋಹೆನ್‌ಶ್ವಾಂಗೌ ಕೋಟೆಯಲ್ಲಿ. ಅಲ್ಲಿನ ಗೋಡೆಗಳ ಮೇಲೆ ಹಂಸವನ್ನೇ ವಾಹನವಾಗಿಸಿಕೊಂಡ ವೀರನ ಪುರಾತನ ಕಥೆಗಳು ಚಿತ್ರಿತವಾಗಿದ್ದವು. ಹದಿನೈದರ ವಯಸ್ಸಿನಲ್ಲಿ ಅದೇ ಕಥೆಯನ್ನು ಆಧರಿಸಿದ ರಿಚರ್ಡ್ ವಾಗ್ನರನ ಸಂಗೀತ ನಾಟಕವನ್ನು ಕಂಡು ಹುಡುಗ ಮೈಮರೆತ. 1864ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡಾಗ ಆತನಿಗೆ ಹದಿನೆಂಟು ವರ್ಷ. ರಾಜ್ಯಭಾರದ ಅನುಭವ ಕಿಂಚಿತ್ತೂ ಇರಲಿಲ್ಲ. ಸಿಂಹಾಸನವೇರಿದೊಡನೆ ಸಾಲಗಾರರಿಗೆ ಹೆದರಿ ತಲೆಮರೆಸಿಕೊಂಡಿದ್ದ ವಾಗ್ನರನನ್ನು ಹುಡುಕಿಸಿ ಕರೆತಂದು, ಅವನ ಸಾಲಗಳನ್ನು ತೀರಿಸಿದ. ಮಂತ್ರಿಗಳೂ ನಾಗರಿಕರೂ ಸಿಡಿದೆದ್ದ ಕಾರಣ ಮರುವರ್ಷವೇ ಅವನನ್ನು ರಾಜಧಾನಿಯಿಂದ ಕಳುಹಿಸಬೇಕಾಯಿತು. ದೊರೆಯಾದವನಿಗೂ ಇಷ್ಟ ಬಂದಂತೆ ನಡೆಯುವ ಸ್ವಾತಂತ್ರ್ಯವಿಲ್ಲ ಎಂಬ ಪಾಠ ಅವನಿಗೆ ದೊರೆತದ್ದು ಹೀಗೆ.

ಅದಕ್ಕಿಂತ ಕಠಿಣವಾದ ಪಾಠ 1866ರಲ್ಲಿ ಬಂತು. ಆಸ್ಟ್ರಿಯಾದ ಪಕ್ಷ ವಹಿಸಿದ್ದ ಬವೇರಿಯಾ ಪ್ರಷ್ಯಾದೆದುರು ಸೋತು ಮೂರು ಕೋಟಿ ಗಿಲ್ಡರ್ ದಂಡ ತೆತ್ತಿತು. ಯುದ್ಧ ಬಂದರೆ ತನ್ನ ಸೈನ್ಯವನ್ನು ಪ್ರಷ್ಯಾದ ಅಧೀನಕ್ಕೆ ಒಪ್ಪಿಸುವ ಒಪ್ಪಂದಕ್ಕೂ ಕಟ್ಟುಬಿತ್ತು. 1870ರಲ್ಲಿ ಪ್ರಷ್ಯಾದ ಅರಸನಿಗೆ ಚಕ್ರವರ್ತಿ ಪದವಿಯನ್ನು ಅರ್ಪಿಸುವ ಪತ್ರಕ್ಕೆ ಲುಡ್ವಿಗ್ ಸಹಿ ಹಾಕಿದ. ಪತ್ರದ ಕರಡು ಬಿಸ್ಮಾರ್ಕನದು. ಅದಕ್ಕೆ ಪ್ರತಿಫಲವಾಗಿ ಗುಪ್ತನಿಧಿಯಿಂದ ಹಣವೂ ಸಂದಾಯವಾಯಿತು. 1871ರ ಜನವರಿ 18ರಂದು ವರ್ಸೈಲ್ಸ್‌ನಲ್ಲಿ ಸಾಮ್ರಾಜ್ಯದ ಘೋಷಣೆ ನಡೆದಾಗ ಆತ ಅತ್ತ ಸುಳಿಯಲಿಲ್ಲ. ಈ ವಿಲೀನದ ಇನ್ನೊಂದು ಪರಿಣಾಮವನ್ನು ಪ್ರವಾಸಿ ಕೈಪಿಡಿಗಳು ಹೇಳುವುದಿಲ್ಲ. ಪುರುಷರ ನಡುವಣ ಪ್ರಣಯವನ್ನು ಬವೇರಿಯಾ 1813ರಲ್ಲೇ ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತ್ತು. ಸಾಮ್ರಾಜ್ಯದ ದಂಡಸಂಹಿತೆ 1872ರಿಂದ ಅದನ್ನು ಮತ್ತೆ ಅಪರಾಧವಾಗಿಸಿತು. 1867ರಲ್ಲಿ ವಿವಾಹ ನಿಶ್ಚಯವನ್ನು ಮುರಿದು ಕೊನೆಯವರೆಗೂ ಏಕಾಕಿಯಾಗಿ ಉಳಿದ, ತನ್ನ ಒಲವಿನೊಡನೆ ತಾನೇ ಹೋರಾಡಿದ್ದನ್ನು ದಿನಚರಿಯಲ್ಲಿ ಬರೆದಿಟ್ಟ ದೊರೆಯ ಪಾಲಿಗೆ ಇದು ಸಣ್ಣ ಸಂಗತಿಯಾಗಿರಲಾರದು.

ಅಧಿಕಾರ ಕೈಜಾರಿದಂತೆಲ್ಲ ಆತ ಕಲ್ಲಿನಲ್ಲಿ ಬೇರೊಂದು ರಾಜ್ಯವನ್ನು ಕಟ್ಟತೊಡಗಿದ. 1869ರಲ್ಲಿ ಬೆಟ್ಟದ ತುದಿಯಲ್ಲಿ ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ ಅಸ್ತಿಭಾರ ಬಿತ್ತು. ಅದರ ಕಲ್ಪನೆಯನ್ನು ಮೊದಲು ಚಿತ್ರಿಸಿದವನು ರಂಗಭೂಮಿಯ ಪರದೆಗಳನ್ನು ಬರೆಯುತ್ತಿದ್ದ ಕಲಾವಿದ. ಹೊರಗೆ ಮಧ್ಯಯುಗದ ವೇಷ. ಒಳಗೆ ಉಕ್ಕಿನ ಕಂಬ, ಬಿಸಿಗಾಳಿಯ ವ್ಯವಸ್ಥೆ, ಟೆಲಿಫೋನು. ಕಣಿವೆಯೊಂದರಲ್ಲಿ ಲಿಂಡರ್‌ಹೋಫ್ ಎದ್ದಿತು. ಅಲ್ಲಿನ ಕೃತಕ ಗುಹೆಗೆ ಬಣ್ಣಬಣ್ಣದ ವಿದ್ಯುದ್ದೀಪಗಳು ಬಂದವು. ಕೀಮ್‌ಸೇ ಸರೋವರದ ದ್ವೀಪದಲ್ಲಿ 1878ರಿಂದ ವರ್ಸೈಲ್ಸ್‌ನ ಪ್ರತಿರೂಪವೇ ತಲೆಯೆತ್ತಿತು. ಮೂರರಲ್ಲಿ ಆತ ಪೂರ್ಣಗೊಂಡುದನ್ನು ಕಂಡದ್ದು ಲಿಂಡರ್‌ಹೋಫ್ ಒಂದನ್ನೇ. ಇದಕ್ಕೆಲ್ಲ ಬಳಸಿದ್ದು ರಾಜ್ಯದ ಬೊಕ್ಕಸವನ್ನಲ್ಲ. ತನಗೆ ಸಲ್ಲುತ್ತಿದ್ದ ರಾಜಧನವನ್ನು ಮತ್ತು ಸಾಲವನ್ನು. 1886ರ ಹೊತ್ತಿಗೆ ಸಾಲ ಸುಮಾರು 1 ಕೋಟಿ 40 ಲಕ್ಷ ಮಾರ್ಕ್ ಮುಟ್ಟಿತ್ತು. ಆದರೂ ಆತ ಕಟ್ಟುವುದನ್ನು ನಿಲ್ಲಿಸಲೊಪ್ಪಲಿಲ್ಲ. ಹಗಲು ಮಲಗಿ ಇರುಳು ಎಚ್ಚರವಿದ್ದು, ಮಂತ್ರಿಗಳಿಗೆ ಮುಖ ತೋರಿಸದೆ, ಸೇವಕರ ಮೂಲಕ ಆಜ್ಞೆಗಳನ್ನು ಕಳುಹಿಸುತ್ತಿದ್ದ.

ಇಂತಹ ದೊರೆಯಿಂದ ಆಡಳಿತ ನಡೆಯದೆಂದು ಮಂತ್ರಿಮಂಡಲ ಭಾವಿಸಿದ್ದರಲ್ಲಿ ತಪ್ಪಿಲ್ಲ. ತಪ್ಪಿದ್ದು ಅವರು ಹಿಡಿದ ಮಾರ್ಗದಲ್ಲಿ. 1818ರ ಸಂವಿಧಾನದಲ್ಲಿ ಸಾಲ ಮಾಡಿದ ದೊರೆಯನ್ನು ಇಳಿಸಲು ಅವಕಾಶವಿರಲಿಲ್ಲ. ವರ್ಷಕ್ಕಿಂತ ದೀರ್ಘಕಾಲ ಅಸಮರ್ಥನಾದವನ ಪರವಾಗಿ ರಾಜಪ್ರತಿನಿಧಿಯನ್ನು ನೇಮಿಸಲು ಮಾತ್ರ ಇತ್ತು. ಆದ್ದರಿಂದ ಅಸಾಮರ್ಥ್ಯಕ್ಕೆ ವೈದ್ಯರ ಮುದ್ರೆ ಬೇಕಾಯಿತು. 1886ರ ಜೂನ್ 8ರಂದು ಮನೋವೈದ್ಯ ಗುಡೆನ್ ಮತ್ತು ಇತರ ಮೂವರು, ದೊರೆಯನ್ನು ಪರೀಕ್ಷಿಸದೆಯೇ, ಮುಖ್ಯವಾಗಿ ಸೇವಕರ ಹೇಳಿಕೆಗಳನ್ನು ಆಧರಿಸಿ, ಆತನ ಬುದ್ಧಿಭ್ರಮಣೆ ಗುಣವಾಗದಂಥದೆಂದು ಬರೆದುಕೊಟ್ಟರು. ಚಿಕ್ಕಪ್ಪ ಲುಯಿಟ್‌ಪೋಲ್ಡ್ ರಾಜಪ್ರತಿನಿಧಿಯಾದ. ಜೂನ್ 12ರಂದು ಲುಡ್ವಿಗ್‌ನನ್ನು ಸ್ಟಾರ್ನ್‌ಬರ್ಗ್ ಸರೋವರದ ದಂಡೆಯ ಬೆರ್ಗ್ ಅರಮನೆಯಲ್ಲಿ ಬಂಧಿಸಿಡಲಾಯಿತು. ಮರುದಿನ ಸಂಜೆ ಗುಡೆನ್‌ನೊಡನೆ ವಾಯುವಿಹಾರಕ್ಕೆ ಹೋದವನು ಹಿಂದಿರುಗಲಿಲ್ಲ. ಆ ರಾತ್ರಿ ದಂಡೆಯ ಸಮೀಪದ ನೀರಿನಲ್ಲಿ ಇಬ್ಬರ ಶವಗಳೂ ದೊರೆತವು. ಆತನಿಗೆ ಆಗ ನಲವತ್ತು ವರ್ಷ. ಸಾವಿನ ರಹಸ್ಯ ಇಂದಿಗೂ ಬಿಡಿಸಲ್ಪಟ್ಟಿಲ್ಲ. ಸಿಂಹಾಸನ ಹೋದದ್ದು ತಮ್ಮ ಓಟೋಗೆ. ವರ್ಷಗಳಿಂದ ಮನೋರೋಗಿಯಾಗಿ ಚಿಕಿತ್ಸೆಯಲ್ಲಿದ್ದ ಆತನೂ ಗುಡೆನ್‌ನ ಆರೈಕೆಯಲ್ಲೇ ಇದ್ದವನು.

ಸತ್ತ ಏಳು ವಾರಗಳಿಗೆ, 1886ರ ಆಗಸ್ಟ್ 1ರಂದು, ನಾಯ್‌ಶ್ವಾನ್‌ಸ್ಟೈನ್ ಬಾಗಿಲು ಹಣ ತೆತ್ತವರಿಗೆ ತೆರೆಯಿತು. ಅಪರಿಚಿತರ ಕಣ್ಣಿಗೆ ಬೀಳಲೊಲ್ಲದ ದೊರೆ ಅಲ್ಲಿ ವಾಸಿಸಿದ್ದು ಒಟ್ಟು 172 ದಿನ ಮಾತ್ರ. ಇಂದು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಸಾಲುಗಟ್ಟುತ್ತಾರೆ. 2025ರಲ್ಲಿ ಅವನ ಅರಮನೆಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಯಾವ ದುಂದುವೆಚ್ಚವನ್ನು ಹುಚ್ಚಿನ ಸಾಕ್ಷ್ಯವೆಂದು ತೋರಿಸಲಾಯಿತೋ ಅದೇ ಇಂದು ಆ ನಾಡಿನ ಹೆಮ್ಮೆ.

ಹಾಗೆಂದು ಫಲ ಒಳ್ಳೆಯದಾದ ಮಾತ್ರಕ್ಕೆ ದೊರೆ ಮಾಡಿದ್ದೆಲ್ಲ ಸರಿಯೆಂದು ನಾನು ವಾದಿಸಲಾರೆ. ಆತ ಕರ್ತವ್ಯದಿಂದ ವಿಮುಖನಾಗಿದ್ದ, ಪದಚ್ಯುತಿಗೆ ಕಾರಣಗಳಿದ್ದವು. ಆದರೆ ಆ ಕಾರಣಗಳು ರಾಜಕೀಯವಾಗಿದ್ದವು. ಅವುಗಳನ್ನು ರಾಜಕೀಯದ ಭಾಷೆಯಲ್ಲೇ ಹೇಳಬೇಕಿತ್ತು. ಅನುಕೂಲಕ್ಕೆಂದು ರೋಗದ ಹೆಸರಿಟ್ಟಾಗ ಆರೋಪಿಗೆ ಉತ್ತರಿಸುವ ಹಕ್ಕೇ ಇಲ್ಲವಾಗುತ್ತದೆ. ಆತ ಪ್ರತಿಭಟಿಸಿದರೆ ಅದೂ ರೋಗದ ಲಕ್ಷಣವೇ. ದೊರೆಗೇ ಒದಗಿದ ಈ ಗತಿ ಸಾಮಾನ್ಯನಿಗೆ ಎಷ್ಟು ಸುಲಭವಾಗಿ ಒದಗೀತೆಂದು ಯೋಚಿಸಿದರೆ ಭಯವಾಗುತ್ತದೆ.

ಕೈಪಿಡಿಗಳು ಪ್ರವಾಸವನ್ನು ನಾಯ್‌ಶ್ವಾನ್‌ಸ್ಟೈನ್‌ನಿಂದ ಆರಂಭಿಸುತ್ತವೆ. ನಮ್ಮ ಯೋಜನೆಯನ್ನು ನಾನು ಬದಲಾಯಿಸಿದ್ದೇನೆ. ಮೊದಲ ಬೆಳಿಗ್ಗೆ ಬೆರ್ಗ್; ಸಂಜೆಗೆ ಗೋಡೆಗಳ ಮೇಲೆ ಚಿತ್ರ ಬರೆದ ಮನೆಗಳ ಓಬರ್‌ಅಮರ್‌ಗೌ ಹಳ್ಳಿ. ಎರಡನೆಯ ದಿನ ಲಿಂಡರ್‌ಹೋಫ್, ಅಲ್ಲಿಂದ ಬೆಟ್ಟದ ಕೋಟೆ. ಅದಕ್ಕೆ ಸಮಯ ನಿಗದಿಪಡಿಸಿದ ಟಿಕೆಟ್ಟನ್ನು ಮಗಳು ಮುಂಗಡವಾಗಿಯೇ ಕೊಂಡಿದ್ದಾಳೆ. ಮೂರನೆಯ ದಿನ ಕೀಮ್‌ಸೇ ದಡದಲ್ಲಿ ಕಾರು ನಿಲ್ಲಿಸಿ ದೋಣಿ ಹತ್ತಬೇಕು. ಸಾವಿನ ಸ್ಥಳದಿಂದ ಏಕೆ ಆರಂಭಿಸಬೇಕೆಂದು ಮಗಳು ಕೇಳಿದಳು. ಬೆರ್ಗ್‌ನಲ್ಲಿ ನೀರಿನ ನಡುವೆ ಒಂದು ಶಿಲುಬೆಯನ್ನು ನೆಟ್ಟಿದ್ದಾರೆ. ಅದನ್ನು ನೋಡಿದ ಮೇಲೆ ಅರಮನೆಗಳನ್ನು ನೋಡಿದರೆ ಅವುಗಳನ್ನು ಕಟ್ಟಿಸಿದವನು ನಮಗೆ ಬರಿಯ ವಿನೋದದ ವಸ್ತುವಾಗಲಾರ ಎಂದು ಉತ್ತರಿಸಿದೆ.