ಮಗ್ಗದ ಮನೆಯಿಂದ ಬಂದ ಕಾರು: ಕಿಯಿಚಿರೊ ಟೊಯೊಡಾ

ನಮ್ಮ ಕಡೆ ಮದುವೆ ಮಂಟಪದ ಮುಂದೆ, ತಾಲ್ಲೂಕು ಕಚೇರಿಯ ಅಂಗಳದಲ್ಲಿ, ಚುನಾವಣೆ ಬಂದರೆ ಹಳ್ಳಿಯ ಅರಳಿಕಟ್ಟೆಯ ಪಕ್ಕದಲ್ಲಿ ಬಿಳಿ ಇನ್ನೋವಾ ಗಾಡಿಗಳು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೂ ಮೊದಲು ಕ್ವಾಲಿಸ್ ಇತ್ತು. ಬಾಡಿಗೆ ಗಾಡಿ ಓಡಿಸುವವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಬೆಲೆ ಜಾಸ್ತಿ ನಿಜ, ಆದರೆ ದಾರಿಯಲ್ಲಿ ಕೈ ಕೊಡುವುದಿಲ್ಲ. ಈ ಗಾಡಿಗಳನ್ನು ತಯಾರಿಸುವ ಟೊಯೋಟಾ ಕಂಪನಿಯ ಹೆಸರು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ಕಟ್ಟಿದ ಕಿಯಿಚಿರೊ ಟೊಯೊಡಾ ಎಂಬ ಮನುಷ್ಯನ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಅವರ ಬಗ್ಗೆ ಬರೆಯಲು ನನಗೊಂದು ಕಾರಣವಿದೆ. ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನಾವು ಕಾರು ಮಾಡುವವರಲ್ಲ. ಆದರೂ ನಮ್ಮ ಕಚೇರಿಯಲ್ಲಿ ದಿನನಿತ್ಯ ಅನುಸರಿಸುವ ಕೆಲವು ಪದ್ಧತಿಗಳು ಟೊಯೋಟಾ ಕಾರ್ಖಾನೆಯಿಂದ ಬಂದವು. ಅವುಗಳ ಬೇರು ಎಲ್ಲಿದೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಕಾರಲ್ಲ, ಒಂದು ಮಗ್ಗ.

ಆ ಮಗ್ಗ ಕಿಯಿಚಿರೊ ಅವರ ತಂದೆ ಸಾಕಿಚಿ ಟೊಯೊಡಾ ಅವರದು. ಸಾಕಿಚಿ 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಬಡಗಿಯ ಮಗನಾಗಿ ಹುಟ್ಟಿದವರು. ಪ್ರಾಥಮಿಕ ಶಾಲೆಯಷ್ಟೇ ಓದಿದ್ದರು. ಸುತ್ತಲಿನ ಮನೆಗಳಲ್ಲಿ ಹೆಂಗಸರು ಕೈಮಗ್ಗದ ಮುಂದೆ ಕೂತು ಪಡುತ್ತಿದ್ದ ಕಷ್ಟ ಕಂಡು, ಅದನ್ನು ಸುಲಭ ಮಾಡುವುದು ಹೇಗೆಂದು ಯೋಚಿಸತೊಡಗಿದರು. ಊರಿನವರು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡರೂ ಬಿಡಲಿಲ್ಲ. 1891ರಲ್ಲಿ ಸುಧಾರಿತ ಮರದ ಕೈಮಗ್ಗಕ್ಕೆ ಪೇಟೆಂಟ್ ಪಡೆದರು. 1896ರಲ್ಲಿ ಯಂತ್ರಶಕ್ತಿಯಿಂದ ನಡೆಯುವ ಮಗ್ಗ ಮಾಡಿದರು.

ಅವರ ಮಗ್ಗಗಳ ವಿಶೇಷ ವೇಗದಲ್ಲಷ್ಟೇ ಇರಲಿಲ್ಲ. ನೇಯ್ಗೆಯ ಕೆಲಸ ಬಲ್ಲವರಿಗೆ ಗೊತ್ತು: ಹಾಸಿನ ಒಂದು ಎಳೆ ಕಡಿದರೂ ಮಗ್ಗ ಓಡುತ್ತಲೇ ಇದ್ದರೆ ಮುಂದೆ ಬರುವ ಬಟ್ಟೆಯೆಲ್ಲ ದೋಷದ ಬಟ್ಟೆ. ಅದನ್ನು ಕಾಯಲೆಂದೇ ಒಂದೊಂದು ಮಗ್ಗದ ಮುಂದೆಯೂ ಒಬ್ಬರು ನಿಂತಿರಬೇಕಿತ್ತು. ಸಾಕಿಚಿ ಅವರು ಎಳೆ ಕಡಿದ ಕ್ಷಣ ಮಗ್ಗ ತಾನಾಗಿಯೇ ನಿಲ್ಲುವಂತೆ ಮಾಡಿದರು. ಯಂತ್ರವೇ ತನ್ನ ತಪ್ಪು ಗುರುತಿಸಿ ನಿಂತುಬಿಟ್ಟರೆ ಕಾವಲಿನ ಅಗತ್ಯವಿಲ್ಲ. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದು, ನಿಂತ ಮಗ್ಗದ ಹತ್ತಿರ ಹೋಗಿ ಎಳೆ ಸೇರಿಸಿದರೆ ಆಯಿತು.

ಇಂಥ ಮನೆಯಲ್ಲಿ 1894ರ ಜೂನ್ 11ರಂದು ಕಿಯಿಚಿರೊ ಹುಟ್ಟಿದರು. ಬಾಲ್ಯ ಸುಖದ್ದಾಗಿರಲಿಲ್ಲ. ಸಂಶೋಧನೆಯ ಹುಚ್ಚಿನಲ್ಲಿ ತಂದೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ಆ ಮನೆ ಬಿಟ್ಟು ಹೋದರು. ಹುಡುಗ ಅಜ್ಜ ಅಜ್ಜಿಯ ಆಸರೆಯಲ್ಲಿ ಬೆಳೆದು, ಆಮೇಲೆ ನಗೋಯಾ ಪಟ್ಟಣದಲ್ಲಿದ್ದ ತಂದೆಯ ಹತ್ತಿರ ಹೋದ. ಓದಿನಲ್ಲಿ ಮುಂದೆ ಬಂದು ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತು 1920ರಲ್ಲಿ ಪದವಿ ಪಡೆದ. ತಂದೆ ಕೈಯ ಅನುಭವದಿಂದ ಕಲಿತವರು, ಮಗ ಲೆಕ್ಕ ಹಾಕಿ ನಕ್ಷೆ ಬರೆಯುವುದನ್ನು ಕಲಿತವರು. 1924ರಲ್ಲಿ ಹೊರಬಂದ ಜಿ ಮಾದರಿಯ ಸ್ವಯಂಚಾಲಿತ ಮಗ್ಗದಲ್ಲಿ ಇಬ್ಬರ ಶ್ರಮವೂ ಸೇರಿತ್ತು. ಲಾಳಿಯಲ್ಲಿ ನೂಲು ಮುಗಿದರೆ ಮಗ್ಗ ಓಡುತ್ತಿರುವಂತೆಯೇ ಹೊಸ ಲಾಳಿ ಬಂದು ಕೂರುತ್ತಿತ್ತು.

ಕಿಯಿಚಿರೊ 1922ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಪ್ಲಾಟ್ ಬ್ರದರ್ಸ್ ಕಾರ್ಖಾನೆಗೆ ಹೋಗಿ ಕೆಲಸ ನೋಡಿ ಕಲಿತಿದ್ದರು. ಜವಳಿ ಯಂತ್ರಗಳಲ್ಲಿ ಆಗ ಅದು ಜಗತ್ತಿಗೇ ದೊಡ್ಡ ಹೆಸರು. ಏಳು ವರ್ಷ ಕಳೆದು, 1929ರಲ್ಲಿ, ಅದೇ ಕಂಪನಿ ಈ ಜಿ ಮಾದರಿಯ ಮಗ್ಗದ ಹಕ್ಕುಗಳಿಗಾಗಿ 1 ಲಕ್ಷ ಪೌಂಡ್ ಕೊಡುವ ಒಪ್ಪಂದ ಮಾಡಿಕೊಂಡಿತು. ಕಲಿಯಲು ಹೋಗಿದ್ದ ಶಿಷ್ಯನಿಂದ ಗುರುವೇ ವಿದ್ಯೆ ಕೊಂಡ ಹಾಗಾಯಿತು.

ಕಿಯಿಚಿರೊ ಬಯಸಿದ್ದರೆ ಮಗ್ಗ ಮಾಡಿಕೊಂಡೇ ನೆಮ್ಮದಿಯಾಗಿ ಇರಬಹುದಿತ್ತು. ಅವರ ಕಣ್ಣು ಮೋಟಾರು ಗಾಡಿಯ ಮೇಲೆ ಬಿದ್ದಿತ್ತು. 1923ರ ದೊಡ್ಡ ಭೂಕಂಪದಲ್ಲಿ ಟೋಕಿಯೊ ನಗರದ ಟ್ರಾಮ್ ಹಳಿಗಳು ಹಾಳಾದಾಗ, ಜನರನ್ನು ಸಾಗಿಸಲು ಅಮೆರಿಕದಿಂದ ಸುಮಾರು 800 ಫೋರ್ಡ್ ಗಾಡಿಗಳನ್ನು ತರಿಸಿ ಬಸ್ಸು ಮಾಡಿಕೊಳ್ಳಬೇಕಾಯಿತು. ಆಮೇಲೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎರಡೂ ಜಪಾನಿನಲ್ಲೇ ಜೋಡಣಾ ಕಾರ್ಖಾನೆ ತೆರೆದು ಮಾರುಕಟ್ಟೆಯನ್ನು ಹಿಡಿದವು. ಈ ದೈತ್ಯರ ಎದುರು ಮಗ್ಗದ ಕಂಪನಿಯೊಂದು ಕಾರು ಮಾಡುತ್ತೇನೆಂದು ಹೊರಡುವುದು ಬುದ್ಧಿವಂತರ ಕೆಲಸವೆಂದು ಯಾರಿಗೂ ಅನಿಸಲಿಲ್ಲ. ಕಂಪನಿಯ ಮುಖ್ಯಸ್ಥರಾಗಿದ್ದ ರಿಸಾಬುರೊ, ಕಿಯಿಚಿರೊ ಅವರ ತಂಗಿಯ ಗಂಡ, ಇದಕ್ಕೆ ಹಿಂಜರಿದರು. 1930ರಲ್ಲಿ ತಂದೆಯೂ ತೀರಿಕೊಂಡರು.

ಆದರೂ ಕಿಯಿಚಿರೊ ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲಿ ಸಣ್ಣ ಎಂಜಿನ್ ಬಿಚ್ಚಿ ಜೋಡಿಸುತ್ತ ಕೂತರು. 1933ರಲ್ಲಿ ಕಂಪನಿಯೊಳಗೆ ಮೋಟಾರು ವಿಭಾಗ ಶುರುವಾಯಿತು. ಅಮೆರಿಕದ ಷೆವರ್ಲೆ ಕಾರೊಂದನ್ನು ಕೊಂಡು ತಂದು, ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಅಳೆದು ಬರೆದುಕೊಂಡರು. ಎಂಜಿನ್ನಿನ ಸಿಲಿಂಡರ್ ಬ್ಲಾಕ್ ಎರಕ ಹೊಯ್ಯುವುದೇ ದೊಡ್ಡ ತಲೆನೋವು. ಮಗ್ಗದ ಭಾಗಗಳ ಎರಕದಲ್ಲಿ ಪಳಗಿದ ಕೈಗಳೇ ಇಲ್ಲಿ ಸೋತವು. ಹೊಯ್ದದ್ದೆಲ್ಲ ಒಡೆದು, ಟೊಳ್ಳಾಗಿ ಗುಜರಿಗೆ ಹೋಗುತ್ತಿತ್ತು. 1934ರಲ್ಲಿ ಮೊದಲ ಎಂಜಿನ್ ಓಡಿತು. 1935ರ ಮೇ ತಿಂಗಳಲ್ಲಿ ಮೊದಲ ಮಾದರಿ ಕಾರು, ನವೆಂಬರ್‌ನಲ್ಲಿ ಜಿ1 ಎಂಬ ಲಾರಿ ಸಿದ್ಧವಾಯಿತು. ದೇಶದಲ್ಲಿ ಸೈನ್ಯಕ್ಕೂ ಸರ್ಕಾರಕ್ಕೂ ಆಗ ಬೇಕಾಗಿದ್ದದ್ದು ಕಾರಿಗಿಂತ ಹೆಚ್ಚಾಗಿ ಲಾರಿ.

ಕೈ ಕೊಡುವುದಿಲ್ಲ ಎಂದು ಇವತ್ತು ಹೆಸರಾಗಿರುವ ಕಂಪನಿಯ ಆ ಮೊದಲ ಲಾರಿಗಳು ದಾರಿಯುದ್ದಕ್ಕೂ ಕೆಟ್ಟು ನಿಂತವು. ಕಿಯಿಚಿರೊ ಅದನ್ನು ಮುಚ್ಚಿಡಲಿಲ್ಲ. ಲಾರಿಗಳನ್ನು ಮೊದಲು ನಗೋಯಾ ಸುತ್ತಮುತ್ತಲೇ ಮಾರಿದರು. ಕೆಟ್ಟರೆ ಕಾರ್ಖಾನೆಯವರೇ ಓಡಿಹೋಗಿ ರಿಪೇರಿ ಮಾಡಬೇಕು, ಯಾವ ಭಾಗ ಯಾಕೆ ಮುರಿಯಿತೆಂದು ನೋಡಿಕೊಂಡು ಬರಬೇಕು, ಮುಂದಿನ ಲಾರಿಯಲ್ಲಿ ಅದನ್ನು ತಿದ್ದಬೇಕು. ಮಾಲೀಕರ ಮಗನಾದರೂ ತಾವೇ ಗಾಡಿಯ ಕೆಳಗೆ ಹೋಗಿ ಕೈ ಮಸಿ ಮಾಡಿಕೊಳ್ಳುವುದಕ್ಕೆ ಅವರು ಹಿಂದೆ ಸರಿಯಲಿಲ್ಲ. ಎಂಜಿನಿಯರನ ಕೈ ಸ್ವಚ್ಛವಾಗಿದ್ದರೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ.

1936ರಲ್ಲಿ ಎಎ ಎಂಬ ಮೊದಲ ಕಾರು ಮಾರುಕಟ್ಟೆಗೆ ಬಂತು. ಅದೇ ವರ್ಷ ಲಾಂಛನಕ್ಕಾಗಿ ಸಾರ್ವಜನಿಕರಿಂದ ಚಿತ್ರಗಳನ್ನು ಆಹ್ವಾನಿಸಿದಾಗ ಸುಮಾರು 27,000 ಬಂದವು. ಮನೆತನದ ಹೆಸರು ಟೊಯೊಡಾ, ಅದರ ಅರ್ಥ ಫಲವತ್ತಾದ ಗದ್ದೆ. ಗಾಡಿಯ ಹೆಸರು ಮಾತ್ರ ಟೊಯೋಟಾ ಎಂದಾಯಿತು. ಹೇಳಲು ಸಲೀಸು, ಜಪಾನಿ ಲಿಪಿಯಲ್ಲಿ ಬರೆದರೆ ಎಂಟು ಗೆರೆ, ಎಂಟು ಅಲ್ಲಿ ಶುಭದ ಸಂಖ್ಯೆ. 1937ರ ಆಗಸ್ಟ್‌ನಲ್ಲಿ ಟೊಯೋಟಾ ಮೋಟಾರ್ ಕಂಪನಿ ಬೇರೆಯಾಗಿ ನಿಂತಿತು. 1938ರಲ್ಲಿ ಕೊರೊಮೊ ಎಂಬ ಊರಿನಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. ಮುಂದೆ 1959ರಲ್ಲಿ ಆ ಊರಿಗೇ ಟೊಯೋಟಾ ಎಂಬ ಹೆಸರು ಬಂತು.

ಕೊರೊಮೊದಲ್ಲಿ ಕಿಯಿಚಿರೊ ಒಂದು ಹೊಸ ಕ್ರಮ ತರಲು ನೋಡಿದರು. ಬೇಕಾದ ಭಾಗ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು. ಗೋದಾಮು ತುಂಬಾ ಸಾಮಾನು ಪೇರಿಸಿಟ್ಟರೆ ದುಡ್ಡು ಅಲ್ಲೇ ಕೊಳೆಯುತ್ತದೆ, ಯಾವುದರಲ್ಲಿ ದೋಷವಿದೆ ಎಂಬುದೂ ತಡವಾಗಿ ತಿಳಿಯುತ್ತದೆ. ಯುದ್ಧ ಬಂದು ಈ ಪ್ರಯೋಗ ನಿಂತುಹೋಯಿತು. ಕಾರ್ಖಾನೆ ಸೈನ್ಯದ ಲಾರಿಗೆ ಮೀಸಲಾಯಿತು. 1945ರ ಆಗಸ್ಟ್ 14ರಂದು, ಜಪಾನ್ ಶರಣಾದ ಸುದ್ದಿ ಪ್ರಜೆಗಳಿಗೆ ತಿಳಿಯುವ ಹಿಂದಿನ ದಿನ, ಬಾಂಬ್ ದಾಳಿಯಲ್ಲಿ ಕಾರ್ಖಾನೆಯ ಒಂದು ಭಾಗ ನಾಶವಾಯಿತು.

ಯುದ್ಧ ಮುಗಿದ ಮೇಲಿನ ದಿನಗಳು ಇನ್ನೂ ಕಷ್ಟದವು. 1949ರಲ್ಲಿ ಹಣದುಬ್ಬರ ತಡೆಯಲು ಸರ್ಕಾರ ಬಿಗಿ ಕ್ರಮ ತಂದಾಗ ಗಾಡಿ ಕೊಳ್ಳುವವರ ಕೈಯಲ್ಲಿ ದುಡ್ಡಿಲ್ಲದಾಯಿತು, ಕೊಂಡವರಿಂದ ಬಾಕಿ ಬರಲಿಲ್ಲ, ಕಂಪನಿ ದಿವಾಳಿಯ ಅಂಚಿಗೆ ಬಂತು. ಸಾಲ ಕೊಡಲು ಮುಂದಾದ ಬ್ಯಾಂಕುಗಳು ಕೆಲಸಗಾರರನ್ನು ಕಡಿಮೆ ಮಾಡಬೇಕೆಂದು ಪಟ್ಟು ಹಿಡಿದವು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಕಿಯಿಚಿರೊ ಮಾತು ಕೊಟ್ಟಿದ್ದರು. 1950ರ ವಸಂತದಲ್ಲಿ ಮುಷ್ಕರ ನಡೆಯಿತು. ಕೊನೆಗೆ ಸುಮಾರು 2,000 ಜನ ಕೆಲಸ ಬಿಡಬೇಕಾಯಿತು. ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಕಿಯಿಚಿರೊ, 1950ರ ಜೂನ್ 5ರಂದು ತಾವು ಕಟ್ಟಿದ ಕಂಪನಿಯ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಇತರರನ್ನು ಮನೆಗೆ ಕಳಿಸಿ ತಾನು ಕುರ್ಚಿಯಲ್ಲಿ ಕೂರುವುದು ಅವರಿಗೆ ಸರಿಬರಲಿಲ್ಲ.

ವಿಧಿಯ ಆಟ ನೋಡಿ. ಇದಾದ ಸರಿಯಾಗಿ 20 ದಿನಕ್ಕೆ ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಸೈನ್ಯದಿಂದ ಸಾವಿರಗಟ್ಟಲೆ ಲಾರಿಗಳಿಗೆ ಬೇಡಿಕೆ ಬಂದು ಕಂಪನಿ ಚೇತರಿಸಿಕೊಂಡಿತು. ಪಕ್ಕದ ದೇಶದ ಸಂಕಟದಿಂದ ಬಂದ ಲಾಭ ಅದು ಎಂಬುದನ್ನೂ ಮರೆಯುವಂತಿಲ್ಲ. ಹೊಸ ಅಧ್ಯಕ್ಷ ಇಶಿದಾ ತೈಜೊ ಮತ್ತೆ ಬನ್ನಿ ಎಂದು ಕಿಯಿಚಿರೊ ಅವರನ್ನು ಒತ್ತಾಯಿಸಿ ಒಪ್ಪಿಸಿದರು. ಆದರೆ ಹಿಂದಿರುಗುವ ಮೊದಲೇ, 1952ರ ಮಾರ್ಚ್ 27ರಂದು, ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ವಯಸ್ಸು 57.

ಅವರು ಕಂಡ ಕನಸಿನ ಪ್ರಯಾಣಿಕ ಕಾರು, ಪೂರ್ತಿ ಜಪಾನಿನದೇ ತಂತ್ರಜ್ಞಾನದ ಕ್ರೌನ್, 1955ರಲ್ಲಿ ಬಂತು. 1966ರಲ್ಲಿ ಬಂದ ಕೊರೊಲಾ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರುಗಳ ಸಾಲಿಗೆ ಸೇರಿತು. ಇದ್ಯಾವುದನ್ನೂ ಅವರು ನೋಡಲಿಲ್ಲ. ಆದರೆ ಅವರ ಕ್ರಮ ಉಳಿಯಿತು. ಟೊಯೊಡಾ ಮನೆತನದ ಜವಳಿ ಕಂಪನಿಯಿಂದಲೇ ಬಂದ ಓಹ್ನೊ ತೈಯಿಚಿ ಎಂಬ ಎಂಜಿನಿಯರ್, ತಂದೆಯ ನಿಲ್ಲುವ ಮಗ್ಗವನ್ನೂ ಮಗನ ಬೇಕಾದಷ್ಟೇ ಎಂಬ ಲೆಕ್ಕವನ್ನೂ ಒಟ್ಟು ಸೇರಿಸಿ ಕಾರ್ಖಾನೆಯ ಪದ್ಧತಿಯಾಗಿ ಬೆಳೆಸಿದರು. ಜೋಡಣೆಯ ಸಾಲಿನಲ್ಲಿ ನಿಂತ ಸಾಮಾನ್ಯ ಕೆಲಸಗಾರನಿಗೂ ಏನಾದರೂ ತಪ್ಪು ಕಂಡರೆ ಹಗ್ಗ ಎಳೆಯುವ ಅಧಿಕಾರವಿದೆ. ಹಗ್ಗ ಎಳೆದರೆ ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ. ಅಲ್ಲೇ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಯಾರು ತಪ್ಪು ಮಾಡಿದರು ಎನ್ನುವುದಕ್ಕಿಂತ ಯಾಕೆ ಆಯಿತು ಎಂದು ಐದು ಸಲ ಕೇಳಿ ಬೇರಿಗೆ ಹೋಗಬೇಕು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕಾನ್ಬಾನ್ ಎಂಬ ಹಲಗೆ ಇದೆ. ಯಾವ ಕೆಲಸ ಯಾರ ಕೈಯಲ್ಲಿ ಎಲ್ಲಿ ನಿಂತಿದೆ ಎಂದು ಎಲ್ಲರಿಗೂ ಕಾಣುವಂತೆ ಚೀಟಿ ಅಂಟಿಸುವ ಕ್ರಮ. ಪದವೂ ಕ್ರಮವೂ ಟೊಯೋಟಾದ್ದು. ಒಬ್ಬರು ಬರೆದ ಪ್ರೋಗ್ರಾಂ ಪರೀಕ್ಷೆಯಲ್ಲಿ ಸೋತರೆ ಅದು ಮುಂದಿನ ಹಂತಕ್ಕೆ ಹೋಗದಂತೆ ತಾನಾಗಿ ತಡೆಯುವ ಏರ್ಪಾಡೂ ಇದೆ. ಎಳೆ ಕಡಿದರೆ ನಿಲ್ಲುವ ಮಗ್ಗವೇ ಅದು.

ಈ ನಿಯಮ ಮರೆತರೆ ಏನಾಗುತ್ತದೆ ಎಂಬುದಕ್ಕೂ ಅದೇ ಕಂಪನಿ ಉದಾಹರಣೆ. ಅತಿ ವೇಗವಾಗಿ ಬೆಳೆದ ಟೊಯೋಟಾ 2009-10ರಲ್ಲಿ ಆಕ್ಸಿಲರೇಟರ್ ಪೆಡಲ್ ಮತ್ತು ಕಾಲುಹಾಸಿನ ತೊಂದರೆಗಾಗಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಆಗ ಅಧ್ಯಕ್ಷರಾಗಿದ್ದ ಅಕಿಯೊ ಟೊಯೊಡಾ, ಕಿಯಿಚಿರೊ ಅವರ ಮೊಮ್ಮಗ, 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು ಕ್ಷಮೆ ಕೇಳಿದರು. ಅಜ್ಜ ಕಟ್ಟಿದ ಹೆಸರಿದ್ದರೆ ಸಾಲದು, ಪ್ರತಿ ದಿನ ಅದನ್ನು ಹೊಸದಾಗಿ ಸಂಪಾದಿಸಬೇಕು.

ನಮ್ಮ ನಾಡಿಗೂ ಟೊಯೊಡಾ ಮನೆತನದ ಕಂಪನಿ ಬಂದದ್ದು ಮೊದಲು ನೂಲಿನ ದಾರಿಯಲ್ಲೇ. 1995ರಲ್ಲಿ ಕಿರ್ಲೋಸ್ಕರ್ ಸಮೂಹದ ಜೊತೆ ಸೇರಿ ಜವಳಿ ಯಂತ್ರದ ಕಂಪನಿ ಶುರುವಾಗಿ ಬೆಂಗಳೂರಿನ ಹತ್ತಿರದ ಜಿಗಣಿಯಲ್ಲಿ ಕಾರ್ಖಾನೆ ತೆರೆಯಿತು. 1997ರಲ್ಲಿ ಕಾರಿನ ಕಂಪನಿ ಸ್ಥಾಪನೆಯಾಗಿ, ರಾಮನಗರದ ಹತ್ತಿರದ ಬಿಡದಿಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ರಸ್ತೆಗಿಳಿದವು. ಹತ್ತನೇ ತರಗತಿ ಮುಗಿಸಿದ ಬಡ ಕುಟುಂಬದ ಗ್ರಾಮೀಣ ಮಕ್ಕಳಿಗಾಗಿ 2007ರಲ್ಲಿ ಬಿಡದಿಯಲ್ಲೇ ಒಂದು ತಾಂತ್ರಿಕ ತರಬೇತಿ ಸಂಸ್ಥೆಯನ್ನೂ ತೆರೆದಿದ್ದಾರೆ. ಮೂರು ವರ್ಷ ಅಲ್ಲೇ ಉಳಿದು ಕಲಿಯುವ ವ್ಯವಸ್ಥೆ. ನಮ್ಮ ಶಾಲೆಯ ಮಕ್ಕಳೂ ಶಿಕ್ಷಕರೂ ಇದನ್ನು ವಿಚಾರಿಸಿ ತಿಳಿದುಕೊಂಡರೆ ಒಳ್ಳೆಯದು.

ಕೊನೆಯದಾಗಿ ಈಗ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ಗಣಿತದ ಒಂದು ಹಂತ ಅರ್ಥವಾಗದೆ ಹೋದರೆ ತಲೆ ಆಡಿಸಿ ಸುಮ್ಮನಾಗಬೇಡಿ. ಕಡಿದ ಎಳೆಯ ಮೇಲೆ ಮುಂದಿನ ಬಟ್ಟೆ ನೇಯಲಾಗುವುದಿಲ್ಲ. ಅಲ್ಲೇ ಕೈ ಎತ್ತಿ ಕೇಳಿ, ಯಾರು ನಕ್ಕರೂ ಸರಿ. ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ವಿನಂತಿ: ಹಾಗೆ ಎದ್ದ ಕೈಯನ್ನು ಕಂಡು ಬೇಸರಪಡಬೇಡಿ, ಪಾಠವನ್ನು ಒಂದು ನಿಮಿಷ ನಿಲ್ಲಿಸಿ. ಐವತ್ತು ವರ್ಷ ಈ ಊರಿನ ಮಕ್ಕಳನ್ನು ಓದಿಸಿ ದಾರಿಗೆ ಹಚ್ಚಿದ ನಮ್ಮ ಶಾಲೆ ನೂರು ತುಂಬಲಿ, ಪ್ರಶ್ನೆ ಕೇಳುವ ಕೈಗಳು ಇಲ್ಲಿ ಇನ್ನೂ ಹೆಚ್ಚಾಗಲಿ.