ಚರ್ಚ್ ಬಿಟ್ಟ ಸಿಲ್ವೆಸ್ಟರ್, ಬಿಡದ ಚರ್ಚಿನ ದನಿ

ಡಿಸ್ಕೊ ಅಂದ ಕೂಡಲೇ ನೆನಪಾಗೋದು ಮಿರಿಮಿರಿ ಬಟ್ಟೆ, ತಿರುಗುವ ಕನ್ನಡಿ ಚೆಂಡು. ಇದರಲ್ಲಿ ರಾಜಕೀಯ ಎಲ್ಲಿಂದ ಬಂತು ಅನ್ನುವವರು ಸಿಲ್ವೆಸ್ಟರ್ ಬದುಕನ್ನು ಒಮ್ಮೆ ನೋಡಬೇಕು.

ಸಿಲ್ವೆಸ್ಟರ್ ಜೇಮ್ಸ್ ಹುಟ್ಟಿದ್ದು 1947ರ ಸೆಪ್ಟೆಂಬರ್ 6ರಂದು, ಲಾಸ್ ಏಂಜಲೀಸ್‌ನ ವಾಟ್ಸ್‌ನಲ್ಲಿ, ಕಪ್ಪು ಜನರ ಕುಟುಂಬದಲ್ಲಿ. ಮನೆಯವರು ಪೆಂಟಕೋಸ್ಟಲ್ ಚರ್ಚಿನವರು. ಹಾಡಲು ಕಲಿತದ್ದೂ ಅಲ್ಲೇ, ಗಾಸ್ಪೆಲ್ ಹಾಡುಗಳಲ್ಲಿ. ಆದರೆ ಈ ಹುಡುಗನಿಗೆ ಗಂಡಸರೇ ಇಷ್ಟ ಅಂತ ಗೊತ್ತಾದ ಮೇಲೆ ಅದೇ ಚರ್ಚಿನ ಜನ ಮುಖ ತಿರುಗಿಸಿದರು. 13ನೇ ವಯಸ್ಸಿಗೆ ಚರ್ಚ್ ಬಿಟ್ಟಾಯಿತು. ಮುಂದೆ ತಾಯಿಯ ಜತೆ ಜಗಳವಾಗಿ ಮನೆಯನ್ನೂ ಬಿಟ್ಟರು. ಆಸರೆ ಕೊಟ್ಟಿದ್ದು ಅಜ್ಜಿ.

1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ, ಗಡ್ಡಕ್ಕೆ ಮಿನುಗುಪುಡಿ ಹಚ್ಚಿ ಗೌನ್ ತೊಟ್ಟು ಕುಣಿಯುತ್ತಿದ್ದ 'ದಿ ಕಾಕೆಟ್ಸ್' ತಂಡ ಸೇರಿದರು. ಗಂಡೋ ಹೆಣ್ಣೋ ಅಂತ ಕೇಳಿದವರಿಗೆ ಸಿಲ್ವೆಸ್ಟರ್ ಯಾವ ಹಣೆಪಟ್ಟಿಯನ್ನೂ ಕೊಡಲಿಲ್ಲ. ನಮ್ಮ ಕನ್ನಡದ 'ಅವರು' ಇಲ್ಲಿ ಸರಿಯಾಗಿ ಹೊಂದುತ್ತೆ ನೋಡಿ.

ಆ ತಂಡ ಬಿಟ್ಟು ಸ್ವಂತ ಬ್ಯಾಂಡ್ ಕಟ್ಟಿದ ಮೇಲೆ ಜತೆಗೆ ಹಾಡಲು ಬಂದವರು ಮಾರ್ಥಾ ವಾಶ್ ಮತ್ತು ಇಜೋರಾ ರೋಡ್ಸ್. ಇಬ್ಬರೂ ಗಾಸ್ಪೆಲ್‌ನಲ್ಲಿ ಪಳಗಿದವರು, ಇಬ್ಬರೂ ದಪ್ಪ ಮೈಯವರು. ತೆಳ್ಳಗಿನ ಹುಡುಗಿಯರನ್ನೇ ಮುಂದೆ ನಿಲ್ಲಿಸುವ ಸಂಗೀತೋದ್ಯಮದಲ್ಲಿ ಅವರಿಟ್ಟುಕೊಂಡ ಹೆಸರು 'ಟೂ ಟನ್ಸ್ ಓ ಫನ್'. ಎರಡು ಟನ್ ಮಜಾ! ಮುಂದೆ 'ದಿ ವೆದರ್ ಗರ್ಲ್ಸ್' ಎಂಬ ಹೆಸರಲ್ಲಿ 'ಇಟ್ಸ್ ರೇನಿಂಗ್ ಮೆನ್' ಹಾಡಿದ್ದೂ ಇವರೇ.

1978ರಲ್ಲಿ ಬಂತು 'ಯು ಮೇಕ್ ಮಿ ಫೀಲ್ (ಮೈಟಿ ರಿಯಲ್)'. ಮೊದಲು ಅದು ಗಾಸ್ಪೆಲ್ ಛಾಯೆಯ, ಮಧ್ಯಮ ವೇಗದ ಹಾಡಾಗಿತ್ತು. ಡಿಸ್ಕೊ ಒಂದರಲ್ಲಿ ದೀಪಗಳ ಕೆಲಸ ಮಾಡುತ್ತಿದ್ದ ಪ್ಯಾಟ್ರಿಕ್ ಕೌಲಿ ಅದನ್ನು ಕೇಳಿ ಸಿಂಥಸೈಜರ್ ಸೇರಿಸಿದರು. ಕೆಳಗೆ ಯಂತ್ರದ ಓಟ, ಮೇಲೆ ಚರ್ಚಿನಲ್ಲಿ ಕಲಿತ ಏರುದನಿ. ಸಮಾಜ ಯಾರನ್ನು ನಕಲಿ ಅಂತ ಹೀಯಾಳಿಸಿತ್ತೋ ಅವರೇ ತಮ್ಮನ್ನು 'ರಿಯಲ್' ಅಂತ ಕರೆದುಕೊಂಡರು. ಹಾಡು ಬ್ರಿಟನ್ನಿನಲ್ಲಿ 8ನೇ ಸ್ಥಾನಕ್ಕೆ ಏರಿತು.

ಆ ವರ್ಷವೇ ನವೆಂಬರ್ 27ರಂದು, ತಾನು ಸಲಿಂಗಕಾಮಿ ಅಂತ ಬಹಿರಂಗವಾಗಿ ಹೇಳಿಕೊಂಡು ಚುನಾವಣೆ ಗೆದ್ದಿದ್ದ ಸಿಲ್ವೆಸ್ಟರ್ ಗೆಳೆಯ ಹಾರ್ವೆ ಮಿಲ್ಕ್ ಗುಂಡೇಟಿಗೆ ಬಲಿಯಾದರು. 1979ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತನ್ನ ಒಪೆರಾ ಹೌಸ್‌ನಲ್ಲಿ ಸಿಲ್ವೆಸ್ಟರ್‌ಗೆ ನಗರದ ಕೀಲಿಕೈ ಕೊಟ್ಟು ಗೌರವಿಸಿತು. ನಾಲ್ಕೇ ತಿಂಗಳಲ್ಲಿ, ಜುಲೈ 12ರಂದು, ಶಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಡಿಸ್ಕೊ ಬೆಳೆದದ್ದು ಕಪ್ಪು, ಲ್ಯಾಟಿನೊ, ಸಲಿಂಗಕಾಮಿ ಜನರ ಕ್ಲಬ್ಬುಗಳಲ್ಲಿ. ಆ ಸಿಟ್ಟು ಬರೀ ಸಂಗೀತದ ಮೇಲಿತ್ತು ಅಂತ ನಂಬೋದು ಕಷ್ಟ.

ಆಮೇಲೆ ಏಡ್ಸ್ ಬಂತು. 1982ರಲ್ಲಿ ಕೌಲಿ ಹೋದರು. ಅಧ್ಯಕ್ಷ ರೇಗನ್ ಏಡ್ಸ್ ಬಗ್ಗೆ ಮೊದಲ ದೊಡ್ಡ ಭಾಷಣ ಮಾಡಿದ್ದು 1987ರಲ್ಲಿ. ಸಿಲ್ವೆಸ್ಟರ್ ಸಂಗಾತಿ ತೀರಿಕೊಂಡದ್ದೂ ಅದೇ ವರ್ಷ. ಮರುವರ್ಷದ ಪ್ರೈಡ್ ಮೆರವಣಿಗೆಯಲ್ಲಿ ಸಿಲ್ವೆಸ್ಟರ್ ಗಾಲಿಕುರ್ಚಿಯಲ್ಲಿ ಕೂತು, ಏಡ್ಸ್ ಪೀಡಿತರ ಬ್ಯಾನರ್ ಜತೆ ಸಾಗಿದರು. ಕಾಯಿಲೆಯ ಹೆಸರು ಹೇಳಲೂ ಜನ ಹೆದರುತ್ತಿದ್ದ ಕಾಲ ಅದು. 1988ರ ಡಿಸೆಂಬರ್ 16ರಂದು ಕೊನೆಯುಸಿರೆಳೆದಾಗ ವಯಸ್ಸು 41.

ಅಂತ್ಯಕ್ರಿಯೆ ಹೇಗಿರಬೇಕು ಅಂತ ತಾವೇ ತೀರ್ಮಾನಿಸಿದ್ದರು. ಮೈಮೇಲೆ ಕೆಂಪು ಕಿಮೋನೊ, ಎಲ್ಲರಿಗೂ ಕಾಣುವಂತೆ ತೆರೆದ ಶವಪೆಟ್ಟಿಗೆ. ಜಾಗ? ಚರ್ಚು. ಬಾಲ್ಯದಲ್ಲಿ ಹೊರದಬ್ಬಿದ್ದಲ್ಲ, ಕೊನೆಗಾಲದಲ್ಲಿ ಅವರು ಇದ್ದ ಹಾಗೇ ಬರಮಾಡಿಕೊಂಡ ಇನ್ನೊಂದು.

ಹಾಡುಗಳ ರಾಯಲ್ಟಿಯನ್ನು ಏಡ್ಸ್ ಪೀಡಿತರಿಗಾಗಿ ದುಡಿಯುವ ಎರಡು ಸಂಸ್ಥೆಗಳಿಗೆ ಬರೆದಿಟ್ಟಿದ್ದರು. ಸಾಯುವಾಗ ಮೈತುಂಬ ಸಾಲ. 1990ರ ದಶಕದಲ್ಲಿ ಹಾಡುಗಳೇ ಆ ಸಾಲ ತೀರಿಸಿ, ಮತ್ತೆ ದುಡಿಯತೊಡಗಿದವು. 2019ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 'ಮೈಟಿ ರಿಯಲ್' ಅನ್ನು ರಾಷ್ಟ್ರದ ಧ್ವನಿಮುದ್ರಣ ಸಂಗ್ರಹಕ್ಕೆ ಸೇರಿಸಿತು. ಅದು ದೊಡ್ಡ ಗೌರವ, ಸರಿ. ಆದರೆ ಅವರು ಆರಿಸಿದ್ದ ಸಂಸ್ಥೆಗಳಲ್ಲಿ ಒಂದು, ಕಾಯಿಲೆ ಬಿದ್ದವರ ಮನೆಗೆ ಬಿಸಿ ಊಟ ತಲುಪಿಸುವಂಥದ್ದು. ಸಿಲ್ವೆಸ್ಟರ್ ಕೇಳಿದ್ದು ಆ ಊಟ.